ಮುಯ್ಯಾಳು ದೆವ್ವ

ಮೊನ್ನೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ನನ್ನ ಮೊಬೈಲಿಗೆ ಒಂದು ದೆವ್ವ ಬಂತು.

ಕಳಿಸಿದವಳು ನನ್ನ ತಂಗಿಯ ಮಗಳು ಶಿಲ್ಪ. ಗೌರಿಬಿದನೂರಿನ ಒಂದು ಲ್ಯಾಬಿನಲ್ಲಿ ಅವಳಿಗೆ ರಕ್ತ ತೆಗೆಯುವ ಕೆಲಸ. ವಾರವೆಲ್ಲ ಊರವರ ರಕ್ತ ತೆಗೆದು, ಭಾನುವಾರ ಬಸ್ಸು ಹತ್ತಿ ಚಿಂತಾಮಣಿಗೆ ಬಂದು, ನನ್ನ ಬಾಯಿಂದ ದೆವ್ವದ ಕಥೆ ತೆಗೆದುಕೊಂಡು ಹೋಗಿ ಯೂಟ್ಯೂಬಿಗೆ ಹಾಕುತ್ತಾಳೆ. ಎರಡೂ ಒಂದೇ ಕಸುಬು ಕಣೇ, ಸೂಜಿ ಮಾತ್ರ ಬೇರೆ ಅಂತ ರೇಗಿಸುತ್ತೇನೆ. ಫ್ಯಾನು ನಿಲ್ಲಿಸಿ, ಕುಕ್ಕರ್ ಕೂಗದಂತೆ ಒಲೆ ಆರಿಸಿ, ಬೀದಿ ಕಡೆಯ ಕಿಟಕಿ ಮುಚ್ಚಿ, ಫೋನನ್ನು ನನ್ನ ಮೂಗಿನ ಕೆಳಗೆ ಹಿಡಿದು "ಹ್ಞೂ, ಹೇಳಿ ದೊಡ್ಡಮ್ಮ" ಅನ್ನುತ್ತಾಳೆ. ನಾನು ಬೆವರು ಸುರಿಸುತ್ತಾ ಊರವರ ಮೈ ನಡುಗಿಸುತ್ತೇನೆ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಕಾಗೆ ಗುಬ್ಬಿ ಕಥೆ ಹೇಳಿದವಳಿಗೆ ರಿಟೈರ್ ಆದ ಮೇಲೆ ಸಿಕ್ಕ ಬಡ್ತಿ ಇದು. ಮೂಲೆಯ ಅಂಗಡಿಯವನು ಈಗ "ದೆವ್ವದ ಮೇಡಂ, ಏನ್ ಕೊಡ್ಲಿ?" ಅಂತಲೇ ಕೇಳುವುದು. ಮುಖ ಗಂಟಿಕ್ಕಿಕೊಂಡು ಸಕ್ಕರೆ ಕೇಳುತ್ತೇನೆ, ಒಳಗೊಳಗೆ ಹಿಗ್ಗುತ್ತೇನೆ.

ಅವತ್ತು ಬಂದದ್ದು ಹೊಸ ಕಥೆಯ ಮುಖಚಿತ್ರ. ಇಂಥ ದೆವ್ವ ಬೇಕು ಅಂತ ಬಾಯಲ್ಲಿ ಹೇಳಿದರೆ ಕಂಪ್ಯೂಟರೇ ಬರೆದುಕೊಡುತ್ತದಂತೆ. ಬಿಚ್ಚಿದ ಕೂದಲು, ಕೊಡಲಿಯಂಥ ಉಗುರು, ತುಟಿಯಿಂದ ಏನೋ ಬೆಳ್ಳಗೆ ಸೋರುತ್ತಿದೆ. ಬಲಗಣ್ಣು ನಮ್ಮ ನಿಮ್ಮಂತೆ. ಎಡಗಣ್ಣಿನ ತುಂಬ ಬಿಳಿ. ಕೆಳಗೆ ಕೆಂಪಕ್ಷರದಲ್ಲಿ 'ಮುಯ್ಯಾಳು ದೆವ್ವ: ನಿಜವಾಗಿ ನಡೆದದ್ದು'.

ಫೋನ್ ಮಾಡಿ "ನಿಜವಾಗಿ ಎಲ್ಲಿ ನಡೀತೇ?" ಅಂದೆ.

"ಹಂಗ್ ಹಾಕಿದ್ರೇನೇ ಜನ ನೋಡೋದು ದೊಡ್ಡಮ್ಮ. ಕಣ್ಣು ಸೂಪರಾಗಿ ಬಂದೈತೆ ಅಲ್ವಾ? ನೀವು ಹೇಳ್ದಂಗೇ ಹಾಕ್ಸಿದೀನಿ."

ಹೌದು, ನಾನು ಹೇಳಿದ ಹಾಗೇ ಇತ್ತು. ಫೋನು ಇಟ್ಟು ಮತ್ತೆ ನೋಡಿದೆ. ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಆ ಬಿಳಿ ಕಣ್ಣಿನ ಒಡತಿ ನನಗೆ ಗೊತ್ತು. ಅವಳ ಕೈಯಿಂದ ನಾನು ಉಪ್ಪಿಟ್ಟು ತಿಂದಿದ್ದೇನೆ.

ಇಲ್ಲಿ ಸ್ವಲ್ಪ ನಮ್ಮ ಅವ್ವನ ವಿಷಯ ಹೇಳಬೇಕು. ಅವ್ವ ಅಂದರೆ ಅಜ್ಜಿ. ನಮ್ಮ ಕಡೆ ಹಾಗೇ. ದಿಬ್ಬೂರಹಳ್ಳಿಯಿಂದ ಸಾದಲಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ಇರುವ ಹಳ್ಳಿ ನಮ್ಮದು. ನನಗೆ ಮಾತು ಕಲಿಸಿದ್ದು ಶಾಲೆಯಲ್ಲ, ಅವಳು. ಅವಳ ದೆವ್ವಗಳಿಗೆ ಎರಡು ಭಾಷೆ ಬರುತ್ತಿತ್ತು. ಬಾಗಿಲಲ್ಲಿ ನಿಂತು ಹೆದರಿಸುವಾಗ "ಎವರಮ್ಮಾ ಇಂಟ್ಲೋ?", ಮನೇಲಿ ಯಾರಮ್ಮಾ ಅಂತ ತೆಲುಗಿನಲ್ಲಿ ಕೂಗುತ್ತಿದ್ದವು, ಹಸಿವಾಗಿ ಬೇಡುವಾಗ ಕನ್ನಡಕ್ಕೆ ಬರುತ್ತಿದ್ದವು. ಕೊಂಬು, ಕೋರೆಹಲ್ಲು ಇರುವವನ್ನು ಅವ್ವ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ. "ಅವೆಲ್ಲ ಮಕ್ಳಿಗೆ. ನಮ್ ಥರಾನೇ ಸೀರೆ ಉಟ್ಕಂಡು, ನಮ್ ಥರಾನೇ ಸೆರಗು ಸರಿ ಮಾಡ್ಕೊಂಡು ಬರ್ತದಲ್ಲ, ಅದ್ರ ವಿಷ್ಯ ತಿಳ್ಕೊ" ಅನ್ನುತ್ತಿದ್ದಳು.

ತಿಳಿದುಕೊಂಡೆ. ಮನುಷ್ಯರಂತೆ ಇರುವ ದೆವ್ವಕ್ಕೆ ಬಲು ಬಿಗಿಯಾದ ಕಟ್ಟುಪಾಡು. ಕರೆಯದೆ ಹೊಸಿಲು ದಾಟುವಂತಿಲ್ಲ. ಉಪ್ಪು ತಿಂದ ಮನೆಗೆ ಕೇಡು ಮಾಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು: 'ಅಕ್ಕ' ಅಂತ ಕರೆದವರನ್ನು ಮುಟ್ಟುವಂತಿಲ್ಲ. ಹೊಲದ ಗುಡಿಸಲಲ್ಲಿ ಒಂಟಿಯಾಗಿ ನೋವು ತಿನ್ನುತ್ತಿದ್ದ ಬಸುರಿಯ ಹತ್ತಿರ, ನಡುಮಧ್ಯಾಹ್ನ, ಕೂಸು ತಿನ್ನುವುದಕ್ಕೆಂದೇ ಒಂದು ದೆವ್ವ ಬಂದಿತ್ತಂತೆ. ಹುಡುಗಿ ಅದನ್ನು ಕಂಡು "ಅಕ್ಕ, ಬಂದ್ಯಾ" ಅಂದುಬಿಟ್ಟಳು. ಮುಗಿಯಿತು. ದೆವ್ವ ಹೆರಿಗೆ ಮಾಡಿಸಿತು, ಬಟ್ಟೆ ಒಗೆದು ಹಾಕಿತು, ಹಸಿದ ಹೊಟ್ಟೆಯಲ್ಲಿ ಅಳುತ್ತಾ ಹೋಯಿತು. ಆ ದೆವ್ವ ಆಮೇಲೆ ಊಟ ಎಲ್ಲಿ ಮಾಡ್ತು ಅಂತ ನಾನು ಎಷ್ಟು ದಿನ ಚಿಂತೆ ಮಾಡಿದ್ದೆ!

ಒಮ್ಮೆ ಕೇಳಿದೆ. "ಅವ್ವ, ಹುಲಿ ಮನುಷ್ಯರನ್ನ ತಿಂದ್ರೆ ಪಾಪ ಇಲ್ಲ ಅಂತೀಯ. ದೆವ್ವಕ್ಕೆ ಮಾತ್ರ ಯಾಕಿಷ್ಟು ನ್ಯಾಯ?"

ಅವ್ವ ಎಲೆಗೆ ಸುಣ್ಣ ಸವರುತ್ತಾ ಹೇಳಿದಳು: "ಹುಲಿ ಮನುಷ್ಯರ ಮುಖ ಇಟ್ಕೊಂಡು ಬರಲ್ವಲ್ಲಮ್ಮ. ಮುಖ ಇಟ್ಕೊಂಡ್ಮೇಲೆ ನ್ಯಾಯಾನೂ ಇಟ್ಕೋಬೇಕು."

ಈ ಮಾತು ಹೇಳಿ ಅಂಗನವಾಡಿಯ ತರಬೇತಿಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನನಗೂ ಒಂದು ಮುಖ ಇದೆ ಎನ್ನುವುದು ಆಗ ಹೊಳೆಯಲಿಲ್ಲ.

ಬಿಳಿ ಕಣ್ಣಿನವಳ ಹೆಸರು ಗಂಗರತ್ನಮ್ಮ. ನಾನು ಗಂಗಕ್ಕ ಅನ್ನುತ್ತಿದ್ದೆ. ಚಿಕ್ಕಂದಿನಲ್ಲಿ ಎಡಗಣ್ಣಿಗೆ ಹೂ ಬಿದ್ದು ಆ ಕಡೆಯ ದೃಷ್ಟಿ ಹೋಗಿತ್ತು. ಗಂಡ ಇರಲಿಲ್ಲ, ಹೊಲವೂ ಇರಲಿಲ್ಲ. ಆದರೂ ನಮ್ಮೂರಿನಲ್ಲಿ ಅವಳಿಲ್ಲದೆ ಯಾರ ಮನೆಯ ರೇಷ್ಮೆಯೂ ಗೂಡು ಕಟ್ಟುತ್ತಿರಲಿಲ್ಲ. ರೇಷ್ಮೆಹುಳು ಹಣ್ಣಾಗುವುದು ಅಂತಿದೆ. ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಜೇನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ತೂಗಾಡಲು ಶುರು ಮಾಡುತ್ತದೆ. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ತಡವಾದರೆ ಕೆಟ್ಟಿತು. ಮನೆಯವರ ಕೈ ಸಾಲದು. ಆದ್ದರಿಂದ ಮುಯ್ಯಾಳು: ಇವತ್ತು ನೀವು ನಮ್ಮ ಮನೆಗೆ, ನಾಳೆ ನಾವು ನಿಮ್ಮ ಮನೆಗೆ. ಗಂಗಕ್ಕನಿಗೆ ಹುಳುವಿನ ಮನೆಯೇ ಇರಲಿಲ್ಲವಾದ್ದರಿಂದ ಅವಳಿಗೆ ಮುಯ್ಯಿ ತೀರಿಸುವ ಬಗೆ ಬೇರೆ. ಯಾವ ಮನೆಯಲ್ಲೇ ಆಗಲಿ ಮೊದಲ ಹುಳವನ್ನು ಅವಳೇ ಚಂದ್ರಿಕೆಗೆ ಬಿಡಬೇಕು. ಆಮೇಲೇ ಉಳಿದವರು. ಅದು ಅವಳ ಮರ್ಯಾದೆ.

ಕಣ್ಣು ಒಂದೇ ಆದ್ದರಿಂದ ಅವಳು ಹುಳವನ್ನು ನೋಡುತ್ತಿರಲಿಲ್ಲ, ಮುಟ್ಟುತ್ತಿದ್ದಳು. ಅನುಮಾನ ಬಂದರೆ ಎತ್ತಿ ಕೆನ್ನೆಗೆ ಇಟ್ಟುಕೊಳ್ಳುತ್ತಿದ್ದಳು. "ಹಣ್ಣಾಗಿದ್ರೆ ತಣ್ಣಗಿರ್ತದೆ ಕಣಮ್ಮ. ಇನ್ನೂ ತಿನ್ನೋ ಆಸೆ ಇರೋದು ಬೆಚ್ಚಗಿರ್ತದೆ." ನಾನೂ ಕೆನ್ನೆಗೆ ಇಟ್ಟು ನೋಡಿದ್ದೇನೆ. ನನಗೆ ಎಲ್ಲವೂ ಹುಳದ ಹಾಗೇ ಇದ್ದವು. ನಗುವಾಗ ಅವಳಿಗೆ ಸದ್ದು ಬರುತ್ತಿರಲಿಲ್ಲ. ಭುಜ ಮಾತ್ರ ಕುಣಿಯುತ್ತಿತ್ತು.

ಇಂಥ ಹೆಂಗಸನ್ನು ದೆವ್ವ ಮಾಡುವುದು ಸುಲಭ. ನೀವೇ ನೋಡಿ, ಒಂದೇ ಒಂದು ಸುಳ್ಳೂ ಸೇರಿಸಬೇಕಿಲ್ಲ.

ಎಸ್ಸೆಸ್ಸೆಲ್ಸಿ ಬರೆದು ಕೂತಿದ್ದ ಬೇಸಿಗೆ. ದಿಬ್ಬೂರಹಳ್ಳಿಯಲ್ಲಿ ಒಬ್ಬರು ಸೈಕಲ್ ಜೊತೆಗೆ ಪುಸ್ತಕವನ್ನೂ ಬಾಡಿಗೆಗೆ ಕೊಡುತ್ತಿದ್ದರು. ರಟ್ಟಿನ ಮೇಲೆ ರಕ್ತ ಕಾರುವ ಹೆಣ್ಣುಗಳಿದ್ದ ಪತ್ತೇದಾರಿ, ಪಿಶಾಚಿ ಕಾದಂಬರಿಗಳು. ಆ ಪುಸ್ತಕದ ಪಿಶಾಚಿಗಳಿಗೆ ನಮ್ಮ ಅವ್ವನ ದೆವ್ವಗಳ ನೇಮ ನಿಷ್ಠೆ ಒಂದೂ ಇರಲಿಲ್ಲ. ಕರೆಯದೆ ಬರುತ್ತಿದ್ದವು, ಕಾರಣವಿಲ್ಲದೆ ಕೊಲ್ಲುತ್ತಿದ್ದವು, ಉಪ್ಪು ಹುಳಿ ನೋಡುತ್ತಿರಲಿಲ್ಲ. ನನಗೆ ಹುಚ್ಚು ಹಿಡಿಯಿತು. ಅವ್ವನ ದೆವ್ವಗಳು ಹಳೇ ಕಾಲದ ಮುದುಕಿಯರಂತೆ ಕಂಡವು.

ಆ ಬೇಸಿಗೆ ನಮ್ಮ ಹುಳು ಹಣ್ಣಾದ ದಿನ ಎಂಟು ಹತ್ತು ಹೆಂಗಸರು ಕೂತಿದ್ದರು. ಗಂಗಕ್ಕ ಮೊದಲ ಹುಳ ಬಿಟ್ಟು ನನ್ನ ಪಕ್ಕದಲ್ಲೇ ಕೂತಿದ್ದಳು. ಪಕ್ಕದ ಮನೆಯ ಜಯಮ್ಮ "ಸರೋಜ, ಒಂದು ಕಥೆನಾದ್ರೂ ಹೇಳೇ, ಸೊಂಟ ಬಿದ್ದೋಯ್ತು" ಅಂದರು. ಹಾಡುಹಗಲಲ್ಲಿ, ಹುಳು ಆರಿಸುತ್ತಾ, ನಾನು ಆಗಲೇ ಹೆಣೆದದ್ದು ಮುಯ್ಯಾಳು ದೆವ್ವದ ಕಥೆ. ಹುಳು ಹಣ್ಣಾದ ಮನೆಗೆ ಒಬ್ಬ ಹೆಂಗಸು ಮುಯ್ಯಿಗೆ ಬರುತ್ತಾಳೆ. ಯಾರು ಕರೆದರೋ ಯಾರಿಗೂ ನೆನಪಿಲ್ಲ. ಸದ್ದಿಲ್ಲದೆ ನಗುತ್ತಾಳೆ. ಒಂದು ಕಣ್ಣು ಗೂಡಿನ ಹಾಗೆ ಬೆಳ್ಳಗೆ. ಎಲ್ಲರೂ ತಲೆ ಬಗ್ಗಿಸಿದಾಗ ಹುಳ ಎತ್ತಿ ತುಟಿಗಿಟ್ಟು ಒಳಗಿನ ರೇಷ್ಮೆ ಹೀರಿಬಿಡುತ್ತಾಳೆ. ಬೆಳಿಗ್ಗೆ ನೋಡಿದರೆ ತಟ್ಟೆಯ ತುಂಬ ಒಡೆದ ತೊಗಲು, ಸೋರುವ ಬಿಳಿ ನೀರು.

ಕೆನ್ನೆಯನ್ನು ತುಟಿ ಮಾಡಿದ್ದೊಂದೇ ನನ್ನ ಕಲ್ಪನೆ. ಉಳಿದದ್ದೆಲ್ಲ ಪಕ್ಕದಲ್ಲಿ ಕೂತಿತ್ತು.

ಹೆಂಗಸರು ಕಿರುಚಿದರು, ನಕ್ಕರು. "ಗಂಗಮ್ಮ, ನೀನೇ ಕಣೇ ಅದು! ಸ್ವಲ್ಪ ದೂರ ಕೂತ್ಕೊಳ್ಳೇ ತಾಯಿ" ಅಂತ ಜಯಮ್ಮ ಅವಳನ್ನು ತಳ್ಳಿದರು. ಗಂಗಕ್ಕನ ಭುಜ ಕುಣಿಯಿತು. ಎಲ್ಲರಿಗಿಂತ ಜಾಸ್ತಿ ನಕ್ಕವಳು ಅವಳೇ. "ಚೆನ್ನಾಗ್ ಹೇಳ್ತೀಯ ಕಣಮ್ಮ. ನಿಮ್ಮವ್ವನ್ನ ಮೀರಿಸ್ತೀಯ" ಅಂದಳು. ನನ್ನ ಕಥೆಗೆ ಬಂದ ಮೊದಲ ಹೊಗಳಿಕೆ ಅದು. ಇವತ್ತಿಗೂ ಅಂಥದ್ದು ಇನ್ನೊಂದು ಬಂದಿಲ್ಲ.

ಹುಳುಗಳೆಲ್ಲ ಚಂದ್ರಿಕೆಗೆ ಹೋದ ಮೇಲೆ ಸಾಕಿದ ತಟ್ಟೆಗಳು ಖಾಲಿ. ನಮ್ಮೂರಲ್ಲಿ ಆ ಬಿದಿರು ತಟ್ಟೆಗಳು ಒಂದು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ನಮ್ಮ ಬೆಳೆ ಮುಗಿದರೆ, ಹುಳು ಇನ್ನೂ ಬೆಳೆಯುತ್ತಿರುವ ಮನೆಗೆ ಹೋಗುತ್ತಿದ್ದವು. ಹೋಗುವ ಮೊದಲು ಬ್ಲೀಚಿಂಗ್ ನೀರಲ್ಲಿ ಉಜ್ಜಿ ತೊಳೆದು, ಎರಡು ದಿನ ಉರಿಬಿಸಿಲಿಗೆ ಹಾಕಬೇಕು. ಇದಕ್ಕೆ ಮಾತ್ರ ಯಾರೂ ವಿನಾಯಿತಿ ಕೊಡರು. ನಮ್ಮ ಹುಳುಗಳಲ್ಲೇ ನಾಲ್ಕಾರು ಹಾಲುರೋಗ ಹತ್ತಿ, ಉಬ್ಬಿ ಒಡೆದಿದ್ದವು. ಅಪ್ಪ ಅವನ್ನು ಆರಿಸಿ ಹೂತು, "ತಟ್ಟೆ ಚೆನ್ನಾಗಿ ತೊಳಿಯಮ್ಮ" ಅಂತ ನನಗೆ ಒಪ್ಪಿಸಿ, ಗೂಡಿನ ದರ ಕೇಳಲು ಸಂತೆಗೆ ಹೋದರು.

ನಾನು ತಟ್ಟೆಗಳನ್ನು ಹಿತ್ತಲಿಗೆ ಹೊತ್ತೆ. ಹೊಂಗೆಮರದ ನೆರಳಲ್ಲಿ ಒರಗಿಸಿದೆ. ಕಾದಂಬರಿಯ ಪಿಶಾಚಿ ಆಗತಾನೇ ಮದುಮಗಳ ಕೋಣೆಯ ಚಿಲಕಕ್ಕೆ ಕೈ ಹಾಕಿತ್ತು. ಇನ್ನೊಂದು ಪುಟ, ಇನ್ನೊಂದು ಪುಟ ಅಂತ ಎರಡು ದಿನ ಕಳೆಯಿತು. ಮೂರನೆಯ ಬೆಳಿಗ್ಗೆ ತಟ್ಟೆ ಒಯ್ಯಲು ಗಂಗಕ್ಕ ಬಂದಳು. ಮನೆಯಿಂದ ಮನೆಗೆ ಹೊರುವುದು ಅವಳದೇ ಕೆಲಸ. ತಲೆಗೆ ಬಟ್ಟೆಯ ಸಿಂಬಿ ಸುತ್ತಿ, ಒಂದು ತಟ್ಟೆ ಕೈಗೆತ್ತಿಕೊಂಡು ಮೂಸಿದಳು.

"ತೊಳೆದ್ಯಾ ಸರೋಜ?"

"ಹ್ಞೂ ಅಕ್ಕ."

ಪುಸ್ತಕದಿಂದ ತಲೆ ಎತ್ತದೆ ಹೇಳಿದೆ. ಅವಳು ಹೊತ್ತುಕೊಂಡು ಜಯಮ್ಮನ ಮನೆಗೂ, ಆಚೆ ಬೀದಿಯ ಎರಡು ಮನೆಗೂ ಹಂಚಿಬಂದಳು.

ಹತ್ತು ದಿನ ಆಗಿರಲಿಲ್ಲ. ಮೂರು ಮನೆಯಲ್ಲೂ ಹುಳು ಉಬ್ಬಿ, ತೊಗಲು ಒಡೆದು, ಬಿಳಿ ನೀರು ಸೋರಿತು. ಬುಟ್ಟಿಗಟ್ಟಲೆ ಹೊತ್ತು ಗುಂಡಿಗೆ ಸುರಿದರು. ಜಯಮ್ಮ ನಮ್ಮ ಜಗಲಿಗೆ ಬಂದು ಎದೆ ಎದೆ ಬಡಿದುಕೊಂಡರು. ಜೊತೆಗೆ ಇನ್ನೂ ನಾಲ್ಕು ಹೆಂಗಸರು. ಆಗ ಒಬ್ಬರು, ಯಾರೆಂದು ನೆನಪಿಲ್ಲ, "ಅವತ್ತು ಈ ಹುಡುಗಿ ಹೇಳಿದ್ಳಲ್ಲ, ತದ್ರೂಪು ಹಂಗೇ ಆಯ್ತಲ್ಲೇ!" ಅಂದರು. ಜಯಮ್ಮ ನನ್ನ ಗಲ್ಲ ಹಿಡಿದು ಮುಖ ಎತ್ತಿದರು.

"ಸರೋಜ, ನಿಜ ಹೇಳಮ್ಮ. ನೀನು ಏನೋ ಕಂಡೇ ಹೇಳಿದ್ದು ಅಲ್ವಾ? ಅವ್ಳು ತಟ್ಟೆ ಹೊತ್ಕೊಂಡು ಬರೋವಾಗ ಮೂಸ್ತಿದ್ಳು. ನಾನೂ ನೋಡ್ದೆ."

ರೇಷ್ಮೆ ಇಲಾಖೆಯಿಂದ ಬಂದವರು ಅದೇ ದಿನ ಹಿತ್ತಲಲ್ಲಿ ಅಪ್ಪನನ್ನು ಕೇಳಿದ್ದರು: "ಯಜಮಾನ್ರೇ, ತಟ್ಟೆ ತೊಳೆದು ಬಿಸಿಲಿಗೆ ಹಾಕಿದ್ರೋ ಇಲ್ವೋ?" ಅಪ್ಪ ನನ್ನ ಕಡೆ ನೋಡಿದ್ದರು. ನಾನು ಹ್ಞೂ ಅಂತ ತಲೆ ಆಡಿಸಿದ್ದೆ. ಒಂದು ಸಲ ಆಡಿಸಿದ ತಲೆಯನ್ನು ಮತ್ತೆ ಅಡ್ಡ ಆಡಿಸುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಬಹುದು.

ಜಯಮ್ಮನಿಗೆ ನಾನು ಹೌದು ಅನ್ನಲಿಲ್ಲ. ಇಲ್ಲವೂ ಅನ್ನಲಿಲ್ಲ. ಕಣ್ಣು ಕೆಳಗೆ ಹಾಕಿದೆ. ಕಥೆ ಹೇಳುವವರಿಗೆ ಗೊತ್ತು: ಎಲ್ಲಕ್ಕಿಂತ ಜಾಸ್ತಿ ಹೆದರಿಸುವುದು ಹೇಳದೆ ಬಿಟ್ಟ ಜಾಗ. ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಐದು ಜನ ದೊಡ್ಡ ಹೆಂಗಸರು ಉಸಿರು ಬಿಗಿಹಿಡಿದು ನನ್ನ ಬಾಯಿಗಾಗಿ ಕಾಯುತ್ತಿದ್ದರು. ಹಿತವಾಗಿತ್ತು.

ಅವ್ವ ಒಳಗಿನಿಂದ ಕೇಳಿಸಿಕೊಂಡಳು. ಅವತ್ತಿನಿಂದ ನನಗೆ ಕಥೆ ಹೇಳುವುದನ್ನು ನಿಲ್ಲಿಸಿದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮುಂದಿನ ಬೆಳೆಯ ಹುಳು ಹಣ್ಣಾದ ದಿನ ಗಂಗಕ್ಕನಿಗೆ ಯಾರೂ ಹೇಳಿ ಕಳಿಸಲಿಲ್ಲ. ಮಧ್ಯಾಹ್ನದವರೆಗೆ ಕಾದು ತಾನೇ ಬಂದಳು. ಹುಳುಮನೆಯ ಬಾಗಿಲಿಗೆ ಅಡ್ಡವಾಗಿ ಸುಣ್ಣದ ಪುಡಿ ಹಾಕಿರುತ್ತೇವೆ, ರೋಗ ಒಳಗೆ ಬರದಿರಲಿ ಅಂತ. ಅದರ ಆಚೆ ನಿಂತಳು. ಕಾಲು ತೊಳೆದುಕೊಂಡೇ ಬಂದಿದ್ದಳು, ಪಾದ ಒದ್ದೆಯಾಗಿತ್ತು.

"ಹುಳ ಹಣ್ಣಾದ್ವಾ ಸರೋಜ?"

ನನ್ನ ಹಿಂದೆ ತಟ್ಟೆ ತಟ್ಟೆಯಲ್ಲೂ ಸಾವಿರ ಹುಳು ತಲೆ ಎತ್ತಿ ತೂಗಾಡುತ್ತಿದ್ದವು. ಅಮ್ಮ ಒಳಗಿನಿಂದಲೇ ಕೂಗಿದರು: "ಇವತ್ತು ಬೇಡ ಗಂಗಮ್ಮ. ಕೆಲಸ ಆಯ್ತು."

ಅವಳು ಒಳ್ಳೆಯ ಕಣ್ಣಿನಿಂದ ತಟ್ಟೆಗಳನ್ನು ನೋಡಿದಳು. ಆಮೇಲೆ ನನ್ನನ್ನು. ನನ್ನ ಕೈಯಲ್ಲಿ ಸುಣ್ಣದ ಪುಡಿಯ ಡಬ್ಬ ಇತ್ತು. ಏನು ಮಾಡಬೇಕೆಂದು ತೋಚದೆ, ಬಗ್ಗಿ, ಬಾಗಿಲ ಗೆರೆಯ ಮೇಲೆ ಇನ್ನಷ್ಟು ಸುಣ್ಣ ಉದುರಿಸಿದೆ. ಅವಳು ಬಹಳ ಹೊತ್ತು ನಿಂತಿದ್ದಳು. ಹೋಗು ಅಂದಮೇಲೂ ಯಾಕೆ ನಿಂತಿದ್ದಾಳೆ, ಮರ್ಯಾದೆ ಇಲ್ಲವಾ ಅಂತ ನನಗೆ ಸಿಟ್ಟು ಬಂದದ್ದು ನೆನಪಿದೆ. ಕೊನೆಗೆ ಹೋದಳು. ಆಮೇಲೆ ಯಾವ ಮನೆಯವರೂ ಅವಳನ್ನು ಕರೆಯಲಿಲ್ಲ. ಹಿಂಗಾರು ಮಳೆ ಶುರುವಾಗುವ ಮೊದಲು ಊರು ಬಿಟ್ಟು ಶಿಡ್ಲಘಟ್ಟಕ್ಕೆ ಹೋದಳಂತೆ, ಯಾರದೋ ಸಾಬರ ಮನೆಯಲ್ಲಿ ನೂಲು ಬಿಚ್ಚುವ ಕೆಲಸ ಅಂತೆ. ಅಂತೆ ಕಂತೆಗಳಲ್ಲೇ ಅವಳು ನಮ್ಮೂರಿನಿಂದ ಮುಗಿದುಹೋದಳು.

ಇಷ್ಟು ವರ್ಷ ಆ ಕಥೆ ಬಾಯಿಗೆ ಬಂದಿರಲಿಲ್ಲ. ಪಶ್ಚಾತ್ತಾಪ ಅಂತೇನೂ ಅಲ್ಲ. ಅಂಗನವಾಡಿಯ ಮಕ್ಕಳಿಗೆ ಅದು ಖಾರ ಜಾಸ್ತಿ. ಹೋದ ತಿಂಗಳು ಶಿಲ್ಪ "ಎಲ್ಲಾ ಹಳೇವೇ ಹೇಳ್ತಿದೀರ, ಒಂದು ಜೋರಾಗಿರೋದು ಹೇಳಿ" ಅಂತ ಗೋಳಾಡಿದಳು. ಹೇಳಿಬಿಟ್ಟೆ. ಗೂಡಿನಂಥ ಕಣ್ಣು ಅನ್ನುವಲ್ಲಿ ದನಿ ಇಳಿಸಿದೆ. ತುಟಿಗಿಟ್ಟು ಹೀರುವಲ್ಲಿ ಸದ್ದು ಮಾಡಿ ತೋರಿಸಿದೆ. ನಾನು ಹೆಣೆದದ್ದರಲ್ಲೆಲ್ಲ ಅದೇ ಒಳ್ಳೆಯ ಕಥೆ. ಇದನ್ನು ಬರೆಯುವಾಗಲೂ ಆ ಮಾತು ನಿಜವೇ.

ಚಿತ್ರ ಬಂದ ಮರುದಿನ ಮತ್ತೆ ಫೋನ್ ಮಾಡಿ, ಯೂಟ್ಯೂಬಿಗೆ ಆಗಲೇ ಹಾಕಿಯಾಗಿದ್ದ ಆ ಕಥೆ ತೆಗೆದುಹಾಕು ಅಂದೆ. ಅವಳಿಗೆ ಎಲ್ಲವನ್ನೂ ಹೇಳಿದೆ, ತಟ್ಟೆಯ ವಿಷಯವನ್ನೂ.

ಅವಳು ಅಂದಳು: "ದೊಡ್ಡಮ್ಮ, ತೆಗೆಯೋದ್ಯಾಕೆ? ಪಾರ್ಟ್ ಟೂ ಮಾಡಣ. ಈಗೆಲ್ಲ ದೆವ್ವಕ್ಕೆ ಒಂದು ಫ್ಲ್ಯಾಶ್‌ಬ್ಯಾಕ್ ಇರ್ಬೇಕು. ಅದು ಬದುಕಿದ್ದಾಗ ತುಂಬ ಒಳ್ಳೇದು, ಊರವ್ರೇ ಅನ್ಯಾಯ ಮಾಡಿದ್ರು ಅಂತ. ಜನ ಅತ್ಬಿಡ್ತಾರೆ."

"ಅವ್ಳು ದೆವ್ವ ಅಲ್ವಲ್ಲೇ."

"ಅದೇ ದೊಡ್ಡಮ್ಮ ಟ್ವಿಸ್ಟು!"

ಈಗಿನ ಕಾಲದ ದೆವ್ವಗಳಿಗೆ ಬಂದ ಭಾಗ್ಯ ನೋಡಿ. ರಕ್ತ ಕುಡಿದರೂ ಸರಿ, ಕತ್ತು ಮುರಿದರೂ ಸರಿ, ಕೊನೆಗೆ ಹತ್ತು ನಿಮಿಷ ಅದರ ಹಿಂದಿನ ಕಥೆ ತೋರಿಸಿ ನಮ್ಮ ಕಣ್ಣಲ್ಲಿ ನೀರು ತರಿಸುತ್ತಾರೆ. ಸತ್ತು ಪಿಶಾಚಿ ಆದರೆ ಸಿಗುವ ನ್ಯಾಯ ಬದುಕಿದ್ದು ಹೆಂ​ಗಸಾಗಿದ್ದರೆ ಸಿಗುವುದಿಲ್ಲ. ಗಂಗಕ್ಕ ನಮ್ಮ ಬಾಗಿಲಲ್ಲಿ ನಿಂತಾಗ ಅವಳಿಗಾಗಿ ಹತ್ತು ನಿಮಿಷ ಯಾರಲ್ಲೂ ಇರಲಿಲ್ಲ.

ಮಾತು ಮುಗಿಸುವ ಮೊದಲು ಶಿಲ್ಪ, "ಅಂದ್ಹಾಗೆ ಒಬ್ರು ಕಾಮೆಂಟ್ ಹಾಕವ್ರೆ, ಓದ್ಲಾ?" ಅಂದಳು. ಓದಿದಳು. ಶಿಡ್ಲಘಟ್ಟದಿಂದ ನಸ್ರೀನ್ ಅನ್ನುವವರು ಬರೆದದ್ದು. ಈ ಕಥೆ ಹೇಳಿದವರು ಯಾವ ಊರಿನವರು? ನಮ್ಮ ಮನೆಯಲ್ಲಿರುವ ಗಂಗಾ ಖಾಲಾ ಕೇಳ್ತಿದ್ದಾರೆ. ಖಾಲಾ ಅಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ.

ಎರಡು ರಾತ್ರಿ ನಿದ್ದೆ ಬರಲಿಲ್ಲ ಅಂತೆಲ್ಲ ಬರೆಯುವುದಿಲ್ಲ. ಚೆನ್ನಾಗಿಯೇ ನಿದ್ದೆ ಬಂತು. ಎದ್ದ ಮೇಲೆ ಕಷ್ಟವಾಗುತ್ತಿತ್ತು. ಶಿಲ್ಪ ಆ ನಸ್ರೀನ್‌ಗೆ ಬರೆದು ವಿಳಾಸ ತರಿಸಿಕೊಟ್ಟಳು. ಬುಧವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಏನು ಒಯ್ಯಬೇಕೋ ತಿಳಿಯದೆ, ಸುಲಿದ ಅವರೆಕಾಳನ್ನೇ ಒಂದು ಚೀಲದಲ್ಲಿ ಕಟ್ಟಿಕೊಂಡೆ. ಕ್ಷಮೆ ಕೇಳಲು ಹೋಗುವವಳ ಕೈಯಲ್ಲಿ ಒಂದೂವರೆ ಸೇರು ಅವರೆಕಾಳು.

ಶಿಡ್ಲಘಟ್ಟದ ಆ ಗಲ್ಲಿಗೆ ಕಾಲಿಡುತ್ತಲೇ ಬೇಯಿಸಿದ ಹುಳದ ವಾಸನೆ ಮೂಗಿಗೆ ಹೊಡೆಯಿತು. ನಾವು ಮಕ್ಕಳಂತೆ ಸಾಕಿ, ಸೊಪ್ಪು ತಿನ್ನಿಸಿ, ದೃಷ್ಟಿ ತಾಗದಂತೆ ಕಾದು, ಗೂಡು ಕಟ್ಟಿದ ಮೇಲೆ ಮಾರಿ ಕೈ ತೊಳೆದುಕೊಳ್ಳುತ್ತಿದ್ದೆವಲ್ಲ, ಅದರ ಉಳಿದ ಅರ್ಧ ಇಲ್ಲಿ. ಬದುಕಿರುವ ಹುಳವನ್ನು ಗೂಡಿನ ಸಮೇತ ಕುದಿಯುವ ನೀರಿಗೆ ಹಾಕಿ ನೂಲು ಎಳೆಯುವುದು. ರೇಷ್ಮೆ ಹೀರುವ ದೆವ್ವದ ಕಥೆ ಹೇಳಿದ ನಾನು ಸೀರೆಗಳ ಪೈಕಿ ಒಳ್ಳೆಯ ರೇಷ್ಮೆಯನ್ನೇ ಉಟ್ಟು ಹೋಗಿದ್ದೆ.

ಬಾಗಿಲಲ್ಲಿ ನಸ್ರೀನ್ ಇದ್ದಳು. ನಲವತ್ತರ ಆಸುಪಾಸಿನ ನಗುಮುಖ. "ದೆವ್ವದ ಮೇಡಂ ನೀವೇನಾ? ಬನ್ನಿ ಬನ್ನಿ. ನಮ್ಮ ಅತ್ತೆ ಇದ್ದಾಗಿಂದ ಖಾಲಾ ನಮ್ ಜೊತೇಲೇ. ಅತ್ತೆ ಹೋದ್ರು, ಇವ್ರು ನಮಗೇ ಅತ್ತೆ ಆದ್ರು" ಅಂದು ಒಳಗೆ ತಿರುಗಿ, "ಖಾಲಾ, ಬಂದವ್ರೆ!" ಅಂತ ಕೂಗಿದಳು. ನಾನು ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ನಿಂತೆ.

ಗಂಗಕ್ಕ ಗೋಡೆ ಹಿಡಿದುಕೊಂಡು ಬಂದು ಹೊಸಿಲ ಒಳಗೆ ನಿಂತಳು. ಈಗ ಎರಡು ಕಣ್ಣೂ ಬಿಳಿ. ಬಾಗಿಲ ಚೌಕಟ್ಟಿನ ಮೇಲಿದ್ದ ಅವಳ ಕೈ ನೋಡಿದೆ. ವರ್ಷಗಟ್ಟಲೆ ಬಿಸಿನೀರಲ್ಲಿ ಗೂಡು ತಡಕಿದ ಬೆರಳುಗಳು. ಬೆಂದು, ಸುಲಿದು, ಮತ್ತೆ ಬೆಂದು, ಮೇಣದಂತೆ ನುಣ್ಣಗಾಗಿದ್ದವು. ಗೆರೆ ಒಂದೂ ಉಳಿದಿರಲಿಲ್ಲ. ನಾನು ನೋಡಿದ್ದನ್ನು ನೋಡಿ ನಸ್ರೀನ್ ಅಂದಳು, "ರೇಷನ್ ಅಂಗಡಿ ಮಿಷನ್ನು ಖಾಲಾ ಹೆಬ್ಬೆಟ್ಟು ತಗಳಲ್ಲ. ಎಷ್ಟ್ ಸಲ ಒತ್ತಿದ್ರೂ ಆಗಲ್ಲ ಅಂತ ಕೆಂಪು ದೀಪ ಹಾಕ್ತದೆ. ಇವ್ರು ಮನುಷ್ಯರೇ ಕಣಪ್ಪ ಅಂತ ನಾನೇ ಅವ್ರ ಜೊತೆ ಜಗಳ ಆಡ್ಬೇಕು."

"ಸರೋಜಾನಾ?" ಅಂದಳು ಗಂಗಕ್ಕ.

"ಹ್ಞೂ ಅಕ್ಕ."

"ಒಂದೇ ಮಾತಿಗೆ ಗೊತ್ತಾಯ್ತು ಕಣಮ್ಮ ಫೋನಲ್ಲಿ. ದನಿ ಹಂಗೇ ಐತೆ. ಇವ್ಳು ಮೂರು ಸಲ ಹಾಕ್ದಳು."

"ನೀವೇ ಅಲ್ವಾ ಖಾಲಾ ಹಾಕು ಹಾಕು ಅಂದಿದ್ದು!"

"ಒಂದು ತಪ್ಪು ಹೇಳಿದೀಯ" ಅಂದಳು ನನಗೆ. "ತುಟಿಗಲ್ಲ. ಕೆನ್ನೆಗೆ."

"ಗಂಗಕ್ಕ, ಆ ತಟ್ಟೆಗಳು... ನಾನು ತೊಳೆದಿರ್ಲಿಲ್ಲ" ಅಂದೆ.

"ಗೊತ್ತು. ಬಿಸಿಲಿನ ವಾಸನೆ ಇರ್ಲಿಲ್ಲ ಅದರಲ್ಲಿ."

"ಮತ್ತೆ ಯಾಕೆ ಹೊತ್ಕೊಂಡು ಹೋದೆ?"

"ಕೇಳಿದ್ನಲ್ಲ ನಿನ್ನ. ಹ್ಞೂ ಅಕ್ಕ ಅಂದೆ." ಅವಳು ಸೆರಗು ಸರಿಮಾಡಿಕೊಂಡಳು. "ಅಕ್ಕ ಅಂದ್ಮೇಲೆ ನಂಬ್ಬೇಕಲ್ಲಮ್ಮ."

ನಸ್ರೀನ್ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು. ಬೀದಿಯಲ್ಲಿ ಯಾರೋ ಗೂಡಿನ ಚೀಲ ಹೇರಿದ ಸ್ಕೂಟರನ್ನು ತಳ್ಳಿಕೊಂಡು ಹೋದರು.

"ಅವತ್ತು ನಿಮ್ಮ ಬಾಗಿಲಲ್ಲಿ ನಿಂತಿದ್ನಲ್ಲ" ಅಂದಳು ಗಂಗಕ್ಕ, "ನೀನು ಹೇಳ್ತೀಯ ಅಂತ ನಿಂತಿದ್ದೆ. ಹೇಳ್ದಿದ್ರೂ ಹೋಗ್ಲಿ, ಅಕ್ಕ ಒಳಗೆ ಬಾ ಅಂತಾದ್ರೂ ಅಂತೀಯ ಅಂತ. ಸುಣ್ಣ ಹಾಕ್ದೆ."

ಕಣ್ಣಲ್ಲಿ ನೀರು ಬಂತು ಅಂತ ಬರೆದರೆ ನನ್ನ ಬಗ್ಗೆ ನಿಮಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬರುತ್ತದೆ. ಬರಲಿಲ್ಲ. ಬಂದದ್ದು ಇಷ್ಟು ಮಾತು: "ಆ ಕಥೇನ ತೆಗೆಸಿಬಿಡ್ತೀನಿ ಅಕ್ಕ. ಇವತ್ತೇ ಹೇಳ್ತೀನಿ ಹುಡುಗಿಗೆ."

"ಬೇಡ, ಇರ್ಲಿ." ಎರಡೂ ಕೈಯನ್ನು ಮುಂದೆ ತಂದು, ಒಂದರ ಬೆರಳಿಂದ ಇನ್ನೊಂದರ ಬೆರಳನ್ನು ಸವರಿಕೊಂಡಳು, ಮುಟ್ಟಿದ್ದೇ ತಿಳಿಯದವಳಂತೆ. "ಕಥೇಲಿರೋ ಆ ದೆವ್ವದ ಕೈ ಇನ್ನೂ ಚೆನ್ನಾಗೈತೆ."

ಅವಳ ಭುಜ ಸ್ವಲ್ಪ ಕುಣಿದ ಹಾಗಾಯಿತು. ನಗುವೋ ಏನೋ, ನನಗೆ ಗೊತ್ತಾಗಲಿಲ್ಲ. ಆ ನಗುವಿಗೆ ಮೊದಲಿನಿಂದಲೂ ಸದ್ದಿಲ್ಲ.

ಅವರೆಕಾಳಿನ ಚೀಲ ಚಾಚಿದೆ. ನಸ್ರೀನ್ ತೆಗೆದುಕೊಂಡು, "ಚಾ ಇಡ್ತೀನಿ, ಒಳಗೆ ಬನ್ನಿ" ಅಂದಳು. ಅಂದವಳು ಗಂಗಕ್ಕನ ಮುಖ ನೋಡಿದಳು. ನಾನೂ ನೋಡಿದೆ. ಕರೆಯದೆ ಹೊಸಿಲು ದಾಟಬಾರದು; ಅಷ್ಟು ನ್ಯಾಯ ನನಗೂ ಗೊತ್ತು. ಮೆಟ್ಟಿಲ ಕಲ್ಲು ಬಿಸಿಲಿಗೆ ಕಾದು ಅಂಗಾಲು ಸುಡುತ್ತಿತ್ತು. ಕಾದೆ. ಅವತ್ತು ಅವಳು ನಿಂತಷ್ಟು ಹೊತ್ತು ನಿಲ್ಲಬೇಕು ಅಂದುಕೊಂಡೆ. ಅದು ಎಷ್ಟು ಹೊತ್ತು ಎನ್ನುವುದೇ ನೆನಪಾಗಲಿಲ್ಲ.

"ಬಸ್ಸಿಗೆ ಹೊತ್ತಾಯ್ತದೆ ನಿಂಗೆ" ಅಂದಳು ಗಂಗಕ್ಕ, ಮೆತ್ತಗೆ.

ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡೆ.